ಓಗೊಡದ ಗವಿ

ಕರಡಿಗುಡ್ಡದ ನೆತ್ತಿಗೆ ಏರುವ ದಾರಿಯಲ್ಲಿ, ಎರಡು ಹೆಬ್ಬಂಡೆಗಳ ನಡುವೆ ಒಂದು ಗವಿಯಿದೆ. ಬಗ್ಗಿ ಒಳಹೊಕ್ಕರೆ ಒಂದು ಊರೇ ಕೂರುವಷ್ಟು ಜಾಗ. ಗವಿಯ ಬಾಯಲ್ಲಿ ಕಂಬಳಿ ಹೊದ್ದ ಮುದುಕನೊಬ್ಬನ ಕಲ್ಲು ನಿಂತಿದೆ. ಅದರ ಬುಡದಲ್ಲಿ ‘ಮುತ್ಯಾನ ಗವಿ’ ಎಂದು ಕೆತ್ತಿದ್ದಾರೆ. ಆದರೆ ಆ ಹೆಸರು ಹೇಳಿ ದಾರಿ ಕೇಳಿದರೆ ಸುತ್ತಲ ಹಳ್ಳಿಗಳಲ್ಲಿ ಯಾರಿಗೂ ತಿಳಿಯದು. ಅವರ ಬಾಯಲ್ಲಿ ಅದು ಓಗೊಡದ ಗವಿ.

ಹಿಂದೆ ಒಮ್ಮೆ ಗುಡ್ಡದ ಬುಡದ ಹಿರೇಮಾಳದಲ್ಲಿ ಮಾಳಪ್ಪನೆಂಬ ಕುರಿಗಾರನಿದ್ದ ಎನ್ನುತ್ತಾರೆ. ತಂದೆತಾಯಿ ಸತ್ತ ಮೊಮ್ಮಗಳು ಸಂಕವ್ವನನ್ನು ಕುರಿಮರಿಗಳ ಜೊತೆಗೇ ಕಂಬಳಿಯಲ್ಲಿ ಹೊತ್ತು ಬೆಳೆಸಿದವನು. ಗುಡ್ಡದ ಯಾವ ಮೂಲೆಯಿಂದ ಅವಳು ‘ಮುತ್ಯಾ’ ಎಂದರೂ ಇನ್ನೊಂದು ಮೂಲೆಯಿಂದ ‘ಓ’ ಎನ್ನುತ್ತಿದ್ದ. ಬಾಯಲ್ಲಿ ರೊಟ್ಟಿಯಿದ್ದರೂ ಓ, ಜ್ವರದಲ್ಲಿ ಮಲಗಿದ್ದರೂ ಓ. ಅವಳೊಬ್ಬಳಿಗೇ ಅಲ್ಲ, ಯಾರ ಎಮ್ಮೆ ದಾರಿ ತಪ್ಪಿದರೂ ಊರು ಕರೆಯುತ್ತಿದ್ದುದು ಅವನನ್ನೇ. ಊರ ಮುಖ್ಯಸ್ಥ ಸಿದ್ದನಗೌಡನ ಮಗನಿಗೆ ಹಾವು ಕಚ್ಚಿದಾಗ ಹೆಗಲ ಮೇಲೆ ಹೊತ್ತು ನಾಟಿವೈದ್ಯನ ಮನೆಗೆ ಓಡಿದವನೂ ಅವನೇ.

ಸಂಕವ್ವ ಮದುವೆಯ ವಯಸ್ಸಿಗೆ ಬಂದ ವರ್ಷ, ಸುಗ್ಗಿ ಮುಗಿಯುತ್ತಲೇ ಸುಲಿಗೆಯ ದಂಡು ಬಂತು. ಅವರು ಕಾಳಿನ ಜೊತೆಗೆ ಜನರನ್ನೂ ಹೊತ್ತೊಯ್ಯುವವರು. ಮಾಳಪ್ಪ ಊರಿಗೆ ಊರನ್ನೇ ತನಗೆ ಗೊತ್ತಿದ್ದ ಈ ಗವಿಗೆ ತಂದು ಸೇರಿಸಿದ. ಗಂಡಸರು ಅದರ ಬಾಯಿಗೆ ಚಪ್ಪಡಿ ಎಳೆದರು. ಒಳಗಿನ ನೀರು ಬೇಗ ಮುಗಿಯಿತು, ಕೂಸುಗಳು ಅಳತೊಡಗಿದವು. “ನಾ ಹೋಗ್ತೀನಿ. ಕುರಿ ಕಾಯೋ ಮುದುಕನ್ನ ಯಾರು ಕೇಳ್ತಾರ?” ಎಂದು ಮಾಳಪ್ಪ ತೊಗಲಿನ ಚೀಲ ಹಿಡಿದು ಹೊರಟ. ಯಾರೂ ಬೇಡವೆನ್ನಲಿಲ್ಲ.

ಬಂಡೆಯ ದೊಣೆಯಲ್ಲಿ ನಿಂತ ನೀರನ್ನು ಚೀಲಕ್ಕೆ ತುಂಬಿಕೊಂಡು ಬರುವಾಗ ಗುಡ್ಡದ ಬುಡದಲ್ಲಿ ಕುದುರೆಗಳು ಕಂಡವು. ಅವಸರದಲ್ಲಿ ಬಿದ್ದು ಅವನ ಕಾಲು ಮುರಿಯಿತು. ತೆವಳಿಕೊಂಡೇ ಗವಿಯ ಬಾಯಿಗೆ ಬಂದು, “ಸಂಕವ್ವಾ, ಕಲ್ಲು ಸರಿಸವ್ವಾ” ಎಂದ.

ಸಂದಿಯಲ್ಲಿ ಕಣ್ಣಿಟ್ಟಿದ್ದ ಸಂಕವ್ವ, “ದಂಡು ಇನ್ನೂ ಬುಡದಾಗ ಐತ್ರೀ ಗೌಡ್ರ! ಮುತ್ಯಾನ್ನ ಒಳಗ ಎಳಕೊಳ್ರಿ!” ಎಂದು ಕಾಲಿಗೆ ಬಿದ್ದಳು.

“ಕಲ್ಲು ಸರಿಸಿದ್ರ ಸಪ್ಪಳಾಗತೈತಿ. ಒಬ್ಬ ಮುದುಕನ ಸಲುವಾಗಿ ಊರು ಸಾಯಬೇಕೇನು?” ಎಂದ ಸಿದ್ದನಗೌಡ. ಅವಳು ಒಬ್ಬಳೇ ಚಪ್ಪಡಿಗೆ ಹೆಗಲು ಕೊಟ್ಟಾಗ ಹೆಂಗಸರೇ ಹಿಡಿದು, ಅವಳ ಬಾಯಿಗೆ ಸೆರಗು ತುರುಕಿದರು. ಹೊರಗೆ ಮುದುಕ ಇನ್ನೊಮ್ಮೆ ಕರೆದ. ಒಳಗೆ ಉಸಿರೂ ಕೇಳಲಿಲ್ಲ. ಅವನಿಗೆ ಅರ್ಥವಾಗಿರಬೇಕು. ಚೀಲವನ್ನು ಚಪ್ಪಡಿಗೆ ಒರಗಿಸಿಟ್ಟು, ಮುರಿದ ಕಾಲನ್ನು ಎಳೆದುಕೊಂಡು ಗುಡ್ಡದ ಹಿಂಬದಿಗೆ ಹೋದ, ಗವಿಯಿಂದ ಆದಷ್ಟು ದೂರ. ಸವಾರರು ಅವನನ್ನು ಹಿಡಿದದ್ದು ಅಲ್ಲಿ. ಊರವರೆಲ್ಲಿ ಎಂದು ಬಡಿದು ಕೇಳಿದರು, ಅವನು ಬಯಲಿನತ್ತ ಕೈ ತೋರಿಸಿದ. ಕೊಂದು, ಬಯಲಿಗಿಳಿದು ಹೋದರು.

ದಂಡು ಕಣ್ಮರೆಯಾದ ಮೇಲೆ ಜನ ಹೊರಬಂದರು. ಮೊದಲು ಮಾಡಿದ ಕೆಲಸ ಆ ಚೀಲದ ನೀರು ಕುಡಿದದ್ದು. ಸಂಕವ್ವನೂ ಕುಡಿದಳು. ಬಾಯಾರಿತ್ತು.

ಮುಂದೆ ಗೌಡ ಕಲ್ಲು ನಿಲ್ಲಿಸಿದ, ಊರಿಗೆಲ್ಲ ಊಟ ಹಾಕಿಸಿದ. “ಮಾಳಪ್ಪ ಊರಿಗಾಗಿ ಜೀವ ಕೊಟ್ಟ. ಇದು ಇನ್ನು ಮುತ್ಯಾನ ಗವಿ” ಎಂದು ಸಾರಿದ. ಸಂಕವ್ವ ಎಲೆಯ ಮುಂದಿನಿಂದ ಎದ್ದಳು.

“ಅಂವಾ ಕೊಡಲಿಲ್ರೀ, ನೀವು ತಗೊಂಡ್ರಿ. ನೀವು ಕರದಾಗೆಲ್ಲ ಓ ಅಂದಾಂವ ಅಂವಾ. ಅಂವಾ ಕರದಾಗ ಒಬ್ಬರೂ ಓ ಅನಲಿಲ್ಲ. ಮುತ್ಯಾನ ಹೆಸರು ಇದಕ್ಕ ಬ್ಯಾಡ. ಇದು ಓಗೊಡದ ಗವಿ.”

ಅಂದೇ ಕುರಿ ಹೊಡೆದುಕೊಂಡು ಊರು ಬಿಟ್ಟವಳು ಮರಳಲಿಲ್ಲ. ಅನ್ನ ಉಂಡವರ ಬಾಯಲ್ಲೂ ಉಳಿದದ್ದು ಅವಳಿಟ್ಟ ಹೆಸರೇ.

ಇಂದಿಗೂ ಬಂದವರು ಕಲ್ಲಿಗೆ ಕುಂಕುಮ ಹಚ್ಚುತ್ತಾರೆ, ನೆರಳಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಾರೆ. ಸಂಕವ್ವನ ವಂಶದವರು ಮಾತ್ರ ಗವಿಯತ್ತ ತಿರುಗಿಯೂ ನೋಡದೆ ಹಿಂಬದಿಯ ಇಳಿಜಾರಿಗೆ ಹೋಗುತ್ತಾರೆ. ಅಲ್ಲಿ ಗುಡಿಯಿಲ್ಲ, ಕಲ್ಲಿಲ್ಲ. ಕಾರೆಯ ಪೊದೆ, ಕುರಿ ತುಳಿದ ಸಣ್ಣ ದಾರಿ, ಕೆಳಗೆ ಬಯಲು.