ಕಟ್ಟೆಯ ಕೆಳಗಿನ ಚಪ್ಪಲಿ

“ಕೆಳಗಿದ್ದಾಗ ಒಬ್ಬ ಮನೆ ಸೇರಿದ. ಕೆಳಗಿಲ್ಲದಾಗ ಊರೆಲ್ಲ ಹಿಗ್ಗಿತು. ಏನದು, ಹೇಳು?”

ಶಿಷ್ಯ ಅಡಿವೆಪ್ಪ ಒಗಟು ಕೇಳಲು ಬಂದವನಲ್ಲ. ಮಠದ ಮೆಟ್ಟಿಲ ಮೇಲೆ ಸಂಜೆ ಹೊತ್ತು ಕುಡಿಯುವವರು ಕೂರುತ್ತಿದ್ದರು. ‘ಇಲ್ಲಿ ಕುಡಿಯಬಾರದು’ ಎಂಬ ಹಲಗೆ ಬರೆಯಲು ಪಂಚಾಯಿತಿಯವರು ಅವನಿಗೆ ಹೇಳಿದ್ದರು. “ಅಷ್ಟು ಬರೆದರೆ ಸಾಕೇ ಗುರುಗಳೇ, ಇನ್ನೇನಾದರೂ ಸೇರಿಸಲೇ?” ಎಂದು ಅವನು ಕೇಳಿದರೆ ಗುರುವಿನ ಬಾಯಿಂದ ಬಂದದ್ದು ಈ ಒಗಟು. ಅಡಿವೆಪ್ಪ ತಲೆ ಕೆರೆದುಕೊಂಡ.

“ಹೊಳೆಯಲಿಲ್ಲವೇ? ಹೊಳೆಯಬಾರದೆಂದೇ ಕೇಳಿದ್ದು,” ಎಂದು ಗುರು ಕತೆ ಶುರುಮಾಡಿದರು.

ಒಂದೂರಿನಲ್ಲಿ ಡಂಗುರ ಸಾರುವವನೊಬ್ಬನಿದ್ದ. ಬಲು ಕೀಟಲೆಯವನು. ಮೇಲಿನವರು ಹೇಳಿಕಳಿಸಿದ ಮಾತಿಗೆ ತನ್ನದೊಂದು ಬಾಲ ಅಂಟಿಸದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ದನಗಳಿಗೆ ಚುಚ್ಚುಮದ್ದು ಎಂದು ಸಾರಿದರೆ, ‘ಎರಡು ಕಾಲಿನವೂ ಬರಬಹುದು’ ಎನ್ನುತ್ತಿದ್ದ. ಜನ ನಗುತ್ತಿದ್ದರು. ಆ ನಗುವಿಗಾಗಿಯೇ ಅವನು ಬದುಕಿದ್ದ.

ಅವನ ಪಕ್ಕದ ಮನೆಯವನು ಒಬ್ಬ ಬಡಗಿ. ಹಗಲು ಉಳಿ ಹಿಡಿದರೆ ಕೂದಲೆಳೆ ತಪ್ಪದ ಕೈ. ಸಂಜೆ ಸೀಸೆ ಹಿಡಿದರೆ ಮನೆಯ ದಾರಿಯೇ ತಪ್ಪುತ್ತಿತ್ತು. ಅವನು ಕುಡಿಯುತ್ತಿದ್ದದ್ದು ಊರ ನಡುವಿನ ಕಟ್ಟೆಯ ಮೇಲೆ. ಅದು ಹಿರಿಯರು ನ್ಯಾಯ ಹೇಳುವ ಕಟ್ಟೆ. ಚಪ್ಪಲಿ ಮೆಟ್ಟಿ ಯಾರೂ ಹತ್ತುವಂತಿಲ್ಲ. ಎಷ್ಟೇ ಕುಡಿದವನೂ ಆ ನೇಮ ಮುರಿಯುತ್ತಿರಲಿಲ್ಲ. ಹೀಗಾಗಿ ಹೊತ್ತು ಮುಳುಗಿದ ಮೇಲೆ ಕಟ್ಟೆಯ ಕೆಳಗೆ ಒಂದು ಜೊತೆ ಚಪ್ಪಲಿ ಉಳಿದಿದ್ದರೆ, ಮೇಲೊಬ್ಬ ಉರುಳಿಕೊಂಡಿದ್ದಾನೆ ಎಂದೇ ಅರ್ಥ. ಡಂಗುರದವನು ಮನೆಗೆ ಹೋಗುವಾಗ ಬಗ್ಗಿ ನೋಡುವನು. “ಏಳಣ್ಣಾ, ಕಟ್ಟೆಗೂ ನಿದ್ದೆ ಬೇಡವೇ?” ಎಂದು ಎಬ್ಬಿಸಿ, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಬಡಗಿಯನ್ನು ಹಿಡಿದು ಅವನ ಹೆಂಡತಿಗೆ ಒಪ್ಪಿಸುವನು.

ಒಂದು ದಿನ ಊರ ಹೆಂಗಸರೆಲ್ಲ ಪಂಚಾಯಿತಿಗೆ ಹೋದರು. ನೀರಿಗೆ ಹೋಗುವ ದಾರಿಯಲ್ಲಿ ಕುಡುಕರ ಬಾಯಿ ಕೇಳಲಾರೆವು ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಕಟ್ಟೆ, ಕೆರೆಯ ಏರಿ, ಬಸ್ಸು ನಿಲ್ಲುವ ಜಾಗ, ಎಲ್ಲಿಯೂ ಕುಡಿಯಬಾರದೆಂದು ಕಟ್ಟಳೆಯಾಯಿತು. ಡಂಗುರದವನು ಬೀದಿ ಬೀದಿ ಸಾರಿಕೊಂಡು ಬಂದ. ಬಡಗಿ ಬಾಗಿಲಿಗೆ ಬಂದು ಕೇಳಿದ.

“ಹಂಗಾದರೆ ನಾನೆಲ್ಲಿ ಕುಡೀಲೋ, ತಮ್ಮಾ?”

ಡಂಗುರದವನು ಸುಮ್ಮನಿರಬಹುದಿತ್ತು. ‘ಮನೆಯಲ್ಲೇ ಕೂತ್ಕೋ ಅಣ್ಣಾ’ ಎನ್ನಬಹುದಿತ್ತು. ಆದರೆ ಬೀದಿಯ ತುಂಬ ಜನ ನಿಂತಿದ್ದರು. ತಮಟೆಗೆ ಎರಡು ಪೆಟ್ಟು ಕೊಟ್ಟು ಕೂಗಿದ.

“ಕಣ್ಣಿಗೆ ಬೀಳಬೇಡ, ಅಷ್ಟೇ! ದೇವರೂ ಹುಡುಕಿ ಸೋಲಬೇಕು, ಅಂಥಾ ಕಡೆ ಕುಡಿ!”

ಬೀದಿ ನಕ್ಕಿತು. ಬಡಗಿಯೂ ನಕ್ಕ. ಮರುದಿನದಿಂದ ಕಟ್ಟೆಯ ಕೆಳಗೆ ಚಪ್ಪಲಿಯಿಲ್ಲ. ಕಟ್ಟಳೆ ಗೆದ್ದಿತೆಂದು ಊರು ಹಿಗ್ಗಿತು. ಡಂಗುರದವನು ಬಗ್ಗಿ ನೋಡುವುದನ್ನೇ ಬಿಟ್ಟ.

ಬಡಗಿ ಈಗ ಊರಾಚೆಯ ಹಾಳು ಕಲ್ಲುಗಣಿಗೆ ಹೋಗುತ್ತಿದ್ದ. ಒಂದು ಸಂಜೆ ಅವನ ಹೆಂಡತಿ ಬಂದು ಡಂಗುರದವನ ಬಾಗಿಲಲ್ಲಿ ನಿಂತಳು. “ಇನ್ನೂ ಬಂದಿಲ್ಲ. ನಿನ್ನ ಕಣ್ಣಿಗೇನಾದರೂ ಬಿದ್ದರಾ, ತಮ್ಮಾ?” ಎಂದಳು. ಡಂಗುರದವನಿಗೆ ತಾನು ಕೂಗಿದ ಮಾತು ನೆನಪಾಯಿತು. ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದ. ಅಂಥಾ ಕಡೆ ಎಂದರೆ ಗಣಿಯೊಂದೇ, ಅತ್ತ ಓಡಿದ. ಗಣಿಯ ಅಂಚಿನಲ್ಲಿ ಒಂದು ಜೊತೆ ಚಪ್ಪಲಿ ಒಪ್ಪವಾಗಿ ಕಳಚಿಟ್ಟಿತ್ತು. ಅಲ್ಲಿಯೂ ಬಡಗಿ ನೇಮ ಮರೆತಿರಲಿಲ್ಲ. ಕೆಳಗೆ ಕಾಲು ಮುರಿದುಕೊಂಡು ಬಿದ್ದಿದ್ದ. ಉಸಿರಿತ್ತು. ಡಂಗುರದವನು ಹೆಗಲಿಗೆ ಹಾಕಿಕೊಂಡು ಬಂದು ಹೆಂಡತಿಗೆ ಒಪ್ಪಿಸಿದ.

ಗುರು ನಿಲ್ಲಿಸಿದರು.

“ಒಗಟು ಒಡೆಯಿತು, ಚಪ್ಪಲಿ!” ಎಂದ ಅಡಿವೆಪ್ಪ. “ಸದ್ಯ, ಅವನು ತಟ್ಟೆ ಬಿಟ್ಟು ಎದ್ದನಲ್ಲ, ಪುಣ್ಯಾತ್ಮ.”

ಗುರುವಿನ ಬೆರಳು ಮಣೆಯ ಮೇಲೆ, ತಮಟೆಗೆ ಕೊಡುವಂತೆ, ಎರಡು ಪೆಟ್ಟು ಕೊಟ್ಟು ನಿಂತಿತು.

“ಆ ಕೊನೆ ನಾನು ಕಟ್ಟಿದ್ದು, ಮಗೂ. ಆ ಸಂಜೆ ನಾನು ಊಟ ಮುಗಿಸಿಯೇ ಎದ್ದೆ.”