ಸಾಕ್ಷಿಯ ಕಣ್ಣು

“ಗುರುಗಳೇ, ಹೊಟ್ಟೆಕಿಚ್ಚು ಪಟ್ಟವನನ್ನೇ ಸುಡುತ್ತದೆ ಎನ್ನುತ್ತಾರೆ. ಹಾಗಿದ್ದರೆ ಅದರಿಂದ ಇನ್ನೊಬ್ಬರಿಗೇನು ನಷ್ಟ?”

ಕೇಳಿದವನು ನಾಗಭೂಷಣ, ಆಶ್ರಮದ ಹಿರಿಯ ಶಿಷ್ಯ. ಹಿಂದಿನ ಸಂಜೆ ಕಿರಿಯವನಾದ ಈರಯ್ಯ ಮೊದಲ ಸಲ ಪ್ರವಚನ ಹೇಳಲು ಕೂತಿದ್ದ. ಅವನಿಗೆ ಮಾತು ಕಲಿಸಿದವನು ನಾಗಭೂಷಣನೇ. ಪ್ರಸಾದದ ಗಂಟೆ ಹೊಡೆದರೂ ಜನ ಏಳದೆ ಕೂತು ಕೇಳಿದ್ದರು. ನಾಗಭೂಷಣನ ಪ್ರವಚನವಿದ್ದ ದಿನ ಅವರು ಗಂಟೆಗೆ ಮೊದಲೇ ಏಳುವುದು ರೂಢಿ.

ಗುರುಗಳು ಅವರೆಕಾಯಿ ಬಿಡಿಸುತ್ತಿದ್ದರು. ಮೊರವನ್ನು ಅವನ ಕಡೆ ಸರಿಸಿ, “ಕೂತುಕೋ. ಬಿಡಿಸುತ್ತಾ ಕೇಳು. ಕೈಗೆ ಕೆಲಸವಿದ್ದರೆ ಕಿವಿ ನೆಟ್ಟಗಿರುತ್ತದೆ” ಎಂದು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಆಕಾಶ ನೋಡುವವರ ಕೂಟವಿತ್ತು. ಅದರಿಂದ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ. ಹಗಲೆಲ್ಲ ತಂತಮ್ಮ ಕಸುಬು ಮಾಡಿಕೊಂಡು, ಅಮಾವಾಸ್ಯೆಯ ಆಸುಪಾಸಿನಲ್ಲಿ ದೂರದರ್ಶಕ ಹೊತ್ತು ಊರಾಚೆಯ ಬಂಡೆಯ ಮೇಲೆ ಸೇರುತ್ತಿದ್ದರು. ಕೂಟದವರು ಒಂದು ಪಟ್ಟಿ ಮಾಡಿದ್ದರು. ನಕ್ಷತ್ರಗಳ ಗೊಂಚಲು, ಬೆಳಕಿನ ಮೋಡ, ದೂರದ ಗ್ಯಾಲಕ್ಸಿ, ಎಲ್ಲವೂ ಬರಿಗಣ್ಣಿಗೆ ಸಿಗದ ಮಂಕು ವಸ್ತುಗಳು. ದೂರದರ್ಶಕವನ್ನು ತಾನಾಗಿ ಗುರಿಗೆ ತಿರುಗಿಸಿಕೊಡುವ ಯಂತ್ರದ ನೆರವಿಲ್ಲದೆ ತಾನೇ ಹುಡುಕಿ, ಕಂಡದ್ದನ್ನು ಕಂಡಷ್ಟೇ ಚಿತ್ರ ಬರೆದು ಪಟ್ಟಿ ಮುಗಿಸಿದವರಿಗೆ ಒಂದು ಹಿತ್ತಾಳೆಯ ಪದಕ. ತೂಕಕ್ಕೆ ಹಾಕಿದರೆ ಒಂದು ಮಸಾಲೆ ದೋಸೆಯೂ ಬರದು. ಆದರೆ ಮನುಷ್ಯ ದೊಡ್ಡದಕ್ಕಾಗಿ ಜಗಳವಾಡುವುದು ಕಡಿಮೆಯಪ್ಪ.

ಕೂಟಕ್ಕೆ ಒಂದು ನಿಯಮವಿತ್ತು. ಪಟ್ಟಿಯ ಕೊನೆಯ ವಸ್ತುವಿಗೆ ಸಾಕ್ಷಿ ಬೇಕು. ಇನ್ನೊಬ್ಬ ಸದಸ್ಯ ಅದೇ ಹೊತ್ತಿನಲ್ಲಿ, ಅದೇ ದೂರದರ್ಶಕಕ್ಕೆ ಕಣ್ಣಿಟ್ಟು ‘ಕಂಡಿತು’ ಎನ್ನಬೇಕು. ಉಳಿದದ್ದೆಲ್ಲ ಅವರವರ ಪ್ರಾಮಾಣಿಕತೆಗೆ ಬಿಟ್ಟದ್ದು.

ಆ ಕೂಟದಲ್ಲಿ ಒಬ್ಬ ಔಷಧಿ ಅಂಗಡಿಯವನಿದ್ದ. ಬಂಡೆಯ ಮೇಲೆ ಮೊದಲು ದೂರದರ್ಶಕ ನಿಲ್ಲಿಸಿದವನೇ ಅವನು. ಆಮೇಲೆ ಒಬ್ಬ ಡ್ರಾಯಿಂಗ್ ಮೇಷ್ಟ್ರು ಬಂದು ಸೇರಿದರು. ಮಂಕು ವಸ್ತುವನ್ನು ದುರುಗುಟ್ಟಿ ನೋಡಿದರೆ ಅದು ಮಾಯವಾಗುತ್ತದೆ, ಕಣ್ಣನ್ನು ತುಸು ಪಕ್ಕಕ್ಕೆ ಹೊರಳಿಸಿದರೆ ತಾನಾಗಿ ಕಾಣುತ್ತದೆ ಎಂಬ ಗುಟ್ಟನ್ನು ಮೇಷ್ಟ್ರಿಗೆ ಹೇಳಿಕೊಟ್ಟವನು ಅಂಗಡಿಯವನು. ಕಲಿಸುತ್ತಿದ್ದಷ್ಟು ಕಾಲವೂ ಅವನಿಗೆ ಮೇಷ್ಟ್ರ ಮೇಲೆ ಬಹಳ ಪ್ರೀತಿ. ಏನೂ ಬಾರದವರ ಮೇಲೆ ಪ್ರೀತಿ ಇಡುವುದು ಸುಲಭ.

ಮೇಷ್ಟ್ರಿಗೆ ಚಿತ್ರದ ಕೈ ಇತ್ತು, ತಾಳ್ಮೆ ಇತ್ತು. ಅವರು ಪಟ್ಟಿಯಲ್ಲಿ ಮುಂದೆ ಹೋದರು. ಅಂಗಡಿಯವನು ಕೊನೆಯ ಒಂದರಲ್ಲಿ ಸಿಕ್ಕಿಕೊಂಡಿದ್ದ. ಅದೊಂದು ಗ್ಯಾಲಕ್ಸಿ. ಪುಸ್ತಕದಲ್ಲಿ ಚಕ್ರದಂತೆ ಮೆರೆಯುವುದು, ದೂರದರ್ಶಕದಲ್ಲಿ ಒರೆಸಿದ ಸ್ಲೇಟಿನ ಮೇಲೆ ಉಳಿದ ಬಳಪದ ಮಸುಕು, ಅಷ್ಟೇ. ಎರಡು ಚಳಿಗಾಲ ಹುಡುಕಿದರೂ ಅವನಿಗೆ ಸಿಕ್ಕಿರಲಿಲ್ಲ. ಮೇಷ್ಟ್ರೂ ಅಲ್ಲಿಗೇ ಬಂದು ಮುಟ್ಟಿದಾಗ ಅವನ ಹೊಟ್ಟೆಯೊಳಗೆ ಕೆಂಡ ಬಿತ್ತು. ಮೋಡ ಕಂಡರೆ ಸಿಡುಕುತ್ತಿದ್ದವನು ಮೋಡ ಕಂಡರೆ ಹಿಗ್ಗತೊಡಗಿದ. ಮೇಷ್ಟ್ರಿಗೆ ಆಕಾಶ ಮುಚ್ಚಿತಲ್ಲ ಎಂಬ ಸಂತೋಷದಲ್ಲಿ, ಅದೇ ಮೋಡ ತನ್ನ ತಲೆಯ ಮೇಲೂ ಇದೆ ಎಂಬುದು ಅವನಿಗೆ ಹೊಳೆಯಲಿಲ್ಲ.

ಒಂದು ಅಮಾವಾಸ್ಯೆಯ ದಿನ ದೀಪ ಹಚ್ಚುವ ಹೊತ್ತು ಕಳೆದು ಕತ್ತಲು ಗಟ್ಟಿಯಾಗಿತ್ತು. ಮೇಷ್ಟ್ರು ತಮ್ಮ ದೂರದರ್ಶಕದ ಬಳಿಯಿಂದ ಕೂಗಿದರು.

“ಸಾರ್, ಸ್ವಲ್ಪ ಬನ್ನಿ. ನಂಗೇನೋ ಕಂಡಂಗಾಯ್ತು. ನೀವು ಕಂಡ್ತು ಅಂದ್ರೆ ಮಾತ್ರ ನಾನು ನಂಬೋದು.”

ಅಂಗಡಿಯವನು ಹೋಗಿ ಕಣ್ಣಿಟ್ಟ. ತುಸು ಪಕ್ಕಕ್ಕೆ ನೋಡಿದ. ಇತ್ತು. ಎರಡು ಚಳಿಗಾಲ ತಾನು ಹುಡುಕಿದ್ದು ಅಲ್ಲಿ ಮೆಲ್ಲಗೆ ತೇಲುತ್ತಿತ್ತು. ಭೂಮಿ ತಿರುಗುವುದರಿಂದ ಇಂಥವು ನೋಡುತ್ತಿದ್ದಂತೆಯೇ ಅಂಚಿಗೆ ಜಾರುತ್ತವೆ, ಕೊಳವೆಯನ್ನು ಕೈಯಿಂದ ಸರಿಸುತ್ತಾ ಹಿಂಬಾಲಿಸಬೇಕು. ಅವನ ಕೈ ಅಭ್ಯಾಸದಂತೆ ಹಿಂಬಾಲಿಸಿತು. ಎಂಥ ಚೆಲುವು ಎಂದು ಅವನ ಎದೆ ತುಂಬಿ ಬಂತು. ಮರುಕ್ಷಣವೇ, ಇದು ಇವರಿಗೆ ಮೊದಲು ಸಿಕ್ಕಿತಲ್ಲ, ನಾನು ಕಲಿಸಿದವರಿಗೆ ಸಿಕ್ಕಿತಲ್ಲ ಎಂದು ಅದೇ ಎದೆ ಉರಿಯಿತು.

“ಏನೂ ಇಲ್ವಲ್ಲ ಮೇಷ್ಟ್ರೇ. ಬೇಕು ಬೇಕು ಅನ್ಕೊಂಡ್ರೆ ಕಣ್ಣು ಏನ್ ಬೇಕಾದ್ರೂ ತೋರ್ಸತ್ತೆ” ಎಂದ.

ಏಳುವಾಗ ಅವನ ಮೊಳಕೈ ತಗುಲಿ ಕೊಳವೆ ತುಸು ಸರಿಯಿತು. ತಗುಲಿತೋ, ತಗುಲಿಸಿದನೋ, ಅವನಿಗೇ ಗೊತ್ತು. ಮೇಷ್ಟ್ರು ಮತ್ತೆ ಬಗ್ಗಿ ನೋಡಿದರು. ಬರೀ ಕತ್ತಲೆ. “ಹೌದು, ಇಲ್ಲ” ಎಂದರು. ಬರೆಯುತ್ತಿದ್ದ ಚಿತ್ರವನ್ನು ರಬ್ಬರಿನಿಂದ ನಿಧಾನವಾಗಿ ಅಳಿಸಿದರು.

ಇಷ್ಟಕ್ಕೇ ನಿಂತಿದ್ದರೆ ಒಂದು ಪದಕದ ಮಾತಾಗುತ್ತಿತ್ತು. ಮೇಷ್ಟ್ರು ಮನೆಗೆ ಹೋಗಿ ಯೋಚಿಸಿದರು. ಇವತ್ತು ಇಲ್ಲದ್ದನ್ನು ನನ್ನ ಕಣ್ಣು ಇದೆ ಎಂದಿತು. ಹಾಗಾದರೆ ಈ ಮೊದಲು ಒಬ್ಬನೇ ಕೂತು ಕಂಡ ಮಂಕು ವಸ್ತುಗಳ ಗತಿಯೇನು? ಅವೂ ನನ್ನ ಆಸೆಯೇ ಇರಬಹುದಲ್ಲ? ಸುಳ್ಳು ಹೇಳಿ ಗೊತ್ತಿಲ್ಲದವರ ಕಷ್ಟ ಇದು. ಅವರಿಗೆ ಇನ್ನೊಬ್ಬನ ಬಾಯಿಗಿಂತ ತಮ್ಮ ಕಣ್ಣಿನ ಮೇಲೆ ಬೇಗ ಅನುಮಾನ ಬರುತ್ತದೆ. ಮರುವಾರ ಅವರು ಕೂಟಕ್ಕೆ ಹೋಗಿ, ತಾವು ನೋಡಿದ್ದೆಂದು ಬರೆಸಿದ್ದನ್ನೆಲ್ಲ ಹೊಡೆದುಹಾಕಿ ಎಂದರು. ಎಷ್ಟು ಹೇಳಿದರೂ ಕೇಳಲಿಲ್ಲ. ಆಮೇಲೆ ಬಂಡೆಯ ಕಡೆ ಬರಲಿಲ್ಲ.

ಅಂಗಡಿಯವನಿಗೆ ಈಗ ಆ ಗ್ಯಾಲಕ್ಸಿ ಎಲ್ಲಿದೆ ಎಂದು ಗೊತ್ತಾಗಿತ್ತು. ಮುಂದಿನ ಅಮಾವಾಸ್ಯೆಗೆ ತನ್ನ ದೂರದರ್ಶಕದಲ್ಲಿ ಹಿಡಿದ. ಕೂಟದ ಕಾರ್ಯದರ್ಶಿ ‘ಕಂಡಿತು’ ಎಂದ. ವಾರ್ಷಿಕ ಸಭೆಯಲ್ಲಿ ಪದಕ ಬಂತು. ಸಭೆಯ ಕೊನೆಯ ಸಾಲಿನಲ್ಲಿ ಮೇಷ್ಟ್ರು ಕೂತಿದ್ದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ.

ಆ ಚಪ್ಪಾಳೆ ಅಂಗಡಿಯವನಿಗೆ ಅರಗಲಿಲ್ಲ. ಅನ್ನ ಸೇರಲಿಲ್ಲ. ಪದಕವನ್ನು ಗಲ್ಲಾಪೆಟ್ಟಿಗೆಯ ತಳಕ್ಕೆ ತಳ್ಳಿದ. ಕೊನೆಗೆ ತಡೆಯಲಾರದೆ ಒಂದು ದಿನ ಮೇಷ್ಟ್ರ ಮನೆಗೆ ಹೋದ. ದೂರದರ್ಶಕ ಮೂಲೆಯಲ್ಲಿತ್ತು, ಮೇಲೆ ಹಳೆಯ ಸೀರೆ ಹೊದಿಸಿದ್ದರು.

“ಮೇಷ್ಟ್ರೇ, ಅವತ್ತು ಅದು ಇತ್ತು. ನಾನು ನೋಡ್ದೆ. ಹೊಟ್ಟೆಕಿಚ್ಚಿಗೆ ಇಲ್ಲ ಅಂದ್ಬಿಟ್ಟೆ. ನಿಮ್ಮ ಕಣ್ಣು ಸರಿಯಾಗೇ ಇದೆ” ಎಂದ.

ಮೇಷ್ಟ್ರು ಅವನ ಕೈ ಹಿಡಿದುಕೊಂಡರು.

“ಬಿಡಿ ಸಾರ್. ನಂಗೆ ಬೇಜಾರಾಗ್ಬಾರ್ದು ಅಂತ ನಿಮ್ಮ ಹೆಸರೇ ಕೆಡಿಸ್ಕೊಳ್ತಿದ್ದೀರಲ್ಲ. ನಿಮ್ಮಂಥೋರು ಎಲ್ಲಿ ಸಿಗ್ತಾರೆ? ಕೂತ್ಕೊಳಿ, ಕಾಫಿ ಕುಡ್ಕೊಂಡು ಹೋಗಿ.”

ಅಂಗಡಿಯವನು ಆಣೆ ಇಟ್ಟು ಹೇಳಿದ. ಕೈ ಮುಗಿದು ಹೇಳಿದ. ಅವನು ಹೇಳಿದಷ್ಟೂ ಮೇಷ್ಟ್ರ ಕಣ್ಣಿನಲ್ಲಿ ಅವನು ದೊಡ್ಡವನಾಗುತ್ತಾ ಹೋದ. ಸುಳ್ಳನ್ನು ಒಂದೇ ಮಾತಿಗೆ ನಂಬಿದವರು ನಿಜವನ್ನು ಕೊನೆಗೂ ನಂಬಲಿಲ್ಲ. ಸೀರೆ ಹೊದ್ದ ದೂರದರ್ಶಕ ಮೂಲೆಯಲ್ಲೇ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ನಾಗಭೂಷಣ ಅವರೆಕಾಳನ್ನು ಮೊರಕ್ಕೆ ಹಾಕಿ, ಸಮಾಧಾನದ ಉಸಿರು ಬಿಟ್ಟ.

“ನಾನು ಹೇಳಿದ್ದೂ ಅದೇ ಅಲ್ಲವೇ ಗುರುಗಳೇ? ಪದಕ ಬಂದರೂ ಸುಖ ಬರಲಿಲ್ಲ. ಹೊಟ್ಟೆಕಿಚ್ಚು ಅಂಗಡಿಯವನನ್ನೇ ಸುಟ್ಟಿತು.”

ಗುರುಗಳು ಮೊರ ಎತ್ತಿಕೊಂಡು ಎದ್ದರು.

“ಇನ್ನು ತನಗೆ ಪ್ರವಚನ ಬೇಡ, ಅಡುಗೆಮನೆಯೇ ಸಾಕು ಎಂದು ಈರಯ್ಯ ಬೆಳಿಗ್ಗೆ ಬಂದು ಅತ್ತ. ಹೇಗಿತ್ತು ಅಣ್ಣಾ ಎಂದು ನಿನ್ನೆ ಅವನು ಕೇಳಿದಾಗ ನೀನು ಏನೆಂದೆ?”

ನಾಗಭೂಷಣನ ಕೈಯಲ್ಲಿದ್ದ ಕಾಯಿ ಅರ್ಧ ಬಿಡಿಸಿದಂತೆಯೇ ಉಳಿಯಿತು.