ಗುರುಪಾದನ ಪುಕ್ಕಟ ಡಾಸ್

ನಡಕ ಬಾಯಿ ಹಾಕಬಾರದು ನೋಡ್ರಿ, ಹಾಕಿದ್ರ ಎದ್ದ ಹೋಗ್ತೀನಿ. ಅದೊಂದು ನೇಕಾರರ ಊರು. ಅಲ್ಲಿ ಚಂದವ್ವ, ಆಕಿ ಮಗ ಗುರುಪಾದ. ಎತ್ತರಕ್ಕ ಬೆಳದಾನ, ಮೀಸಿ ಬಂದಾವ, ಬುದ್ಧಿ ಮಾತ್ರ ಇನ್ನೂ ದಾರ್ಯಾಗ ಐತಿ. ಹೇಳಿದ್ದು ಹೇಳಿದಂಗ ಮಾಡ್ತಾನ, ತಾಯಿಗೆ ಅದ ತಲಿಬ್ಯಾನಿ.

ಚಂದವ್ವಂದು ರಟ್ಟಿಗೆ ತೂತು ಹೊಡಿಯೂ ಅಂಗಡಿ. ತೂತು ಇದ್ದಲ್ಲಿ ಮಗ್ಗದ ದಾರ ಏಳ್ತೈತಿ, ಇಲ್ಲದಲ್ಲಿ ಮಲಗ್ತೈತಿ, ಸೀರಿ ಅಂಚಿನ್ಯಾಗ ಹೂವು ಬೀಳ್ತೈತಿ. ಯಾವ ತೂತು ಎಲ್ಲಿ ಅಂತ ಹೇಳೂದು ಒಂದು ಮುದಿ ಪ್ರೋಗ್ರಾಮು; ಕಂಪ್ಯೂಟರ್ ನಡಸೂ ಡಾಸ್ ಅನ್ನೂ ಹಳೇ ವ್ಯವಸ್ಥಾ ಇದ್ರ ಅಷ್ಟ ಅದು ಏಳ್ತೈತಿ. ಹಳೇ ಕಂಪ್ಯೂಟರ್ ಸತ್ತಿತು. ಹೊಸಾದು ತಂದ್ರ ಅದರಾಗ ಈ ಮುದುಕ ಏಳವಲ್ದು! ಚಂದವ್ವನ ತಮ್ಮ ಸದಪ್ಪ, ಯಾರೋ ಪುಣ್ಯಾತ್ಮರು ಪುಕ್ಕಟ ಕೊಡೂ ಡಾಸನ್ನ ಪೆನ್‌ಡ್ರೈವಿನ್ಯಾಗ ತಂದು ತುಂಬಿದ. ಪ್ರೋಗ್ರಾಮು ಎದ್ದು ಕುಂತಿತು.

ಸೀರಿ ನೇಯಿಸೂ ಸಂಗನಬಸು ಸಾವಕಾರ ಮೊದಲ ಹೇಳಿದ್ದ: "ಶುಕ್ರವಾರ ರಟ್ಟು ಕೊಡು, ಇಲ್ಲಾಂದ್ರ ನನ್ನ ಕೆಲಸೆಲ್ಲಾ ಬ್ಯಾರೆ ಊರಿಗೆ!" ಸಾವಕಾರ ಹೋದ್ರ ಅಂಗಡಿ ಬಾಗಲಾ ಹಾಕೂದ.

"ಪೂರಾ ಚಾಲೂ ಆಗೂ ತನಕ ಮುಟ್ಟಬ್ಯಾಡ," ಅಂತ ಮಗನಿಗೆ ಹೇಳಿ ಚಂದವ್ವ ರಟ್ಟು ತರಾಕ ಹೋದಳು. ಪರದೆ ಕರ್ರಗಾತು. ಮೂಲ್ಯಾಗ ಸಣ್ಣ ಗೆರಿ ಮಿಣುಕ್ ಮಿಣುಕ್. ಗುರುಪಾದ ಕುಂತ. ಕುಂತ. ಮಧ್ಯಾಹ್ನ ಆತು, ಇನ್ನೂ ಕುಂತ. ತಾಯಿ ಬಂದಳು.

"ಯಾಕೋ, ಕೆಲಸಾ ಚಾಲೂ ಮಾಡಿಲ್ಲೇನು?"

"ಇನ್ನೂ ಚಿತ್ರಾನ ಬಂದಿಲ್ಲವ್ವಾ!"

"ಡಾಸಿಗೆ ಎಲ್ಲೀ ಚಿತ್ರನೋ, ಖೋಡಿ! ಗೆರಿ ಮಿಣುಕಿದ್ರ ಅದು ತಯಾರಾತು ಅಂತ. ಇನ್ಮ್ಯಾಲೆ ಅದು ಏನ ಕೇಳಿದ್ರೂ ಪಟ್ನ ಹೂಂ ಅನ್ನು!"

ಮರುದಿನ ಹೂಂ ಅಂದ. ಸದಪ್ಪನ ಪೆನ್‌ಡ್ರೈವು ಕಂಪ್ಯೂಟರಿನ್ಯಾಗ ಉಳದಿತ್ತು. ಚಾಲೂ ಮಾಡಿದ್ದ ತಡ, ಅದು ಕೇಳಿತು: ಡಾಸ್ ಹೊಸದಾಗಿ ಹಾಕ್ಲೇನು? ಹೂಂ! ಒಳಗಿದ್ದದ್ದೆಲ್ಲಾ ಅಳಸಿ ಹೋಗ್ತೈತಿ, ನಡೀತೈತೇನು? ಹೂಂ! ಖರೇನ? ಹೂಂ ಹೂಂ! ಹೂವು, ನವಿಲು, ಸಾವಕಾರನ ಅಂಚು, ಎಲ್ಲಾ ಸ್ವಚ್ಛ.

"ಅಯ್ಯೋ, ನನ್ನ ಹೊಟ್ಟಿ ಮ್ಯಾಲೆ ಹೊಡದ್ಯಲ್ಲೋ! ಇನ್ನ ಯಾರು ಏನ ಕೇಳಿದ್ರೂ ಬ್ಯಾಡ ಅನ್ನು!" ಅಂತ ಚಂದವ್ವ ಅಳಕೋತ ತಮ್ಮನ್ನ ಕರಿಯಾಕ ಓಡಿದಳು.

ಅಷ್ಟರಾಗ ಸಾವಕಾರ ಬಂದ.

"ಒಳಗ ಬರ್ಲೇನೋ?"

"ಬ್ಯಾಡ!"

"ಮುಂದಿನ ಸೀರಿ ಕೆಲಸಾನೂ ನಿಮಗ ಕೊಡ್ಲೇನು?"

"ಬ್ಯಾಡ!"

"ಏನಲೇ ಸೊಕ್ಕು! ಹಂಗಾರ ಬ್ಯಾರೆಯವರಿಗೆ ಕೊಡ್ಲೇನು?"

"ಬ್ಯಾಡ!"

ಸಾವಕಾರಗ ತಲಿ ತಿರುಗಿತು. ಶುಕ್ರವಾರ ನೋಡ್ಕೋತೀನಿ ಅಂತ ಬೈಕೋತ ಹೋದ.

ಸದಪ್ಪ ಬಂದ. ಪುಣ್ಯಾಕ ಅವನ ಕಡೆ ಎಲ್ಲಾದರದೂ ನಕಲು ಇತ್ತು. ತಿರುಗಿ ತುಂಬಿದ, ಪೆನ್‌ಡ್ರೈವು ಕಿಸೆಕ್ಕ ಹಾಕ್ಕೊಂಡ. ಸಾವಕಾರನ ಸುದ್ದಿ ಕೇಳಿ ಅಳಿಯನ ಕಿವಿ ಹಿಂಡಿದ.

"ಬ್ಯಾಡ ಬ್ಯಾಡ ಅಂತ ಮನಿ ಮುರೀಬ್ಯಾಡಲೇ! ನನ್ನ ನೋಡಿ ಕಲಿ. ಏನರ ಹೋತಂದ್ರ ಹುಡುಕಬೇಕು, ಇದ್ದ ಜಾಗಾದಾಗ ತಿರುಗಿ ಕೂಡಿಸಬೇಕು. ಒಂದ ಚೂರೂ ಬಿಡಬಾರದು!"

"ಬಿಡೂದಿಲ್ಲ ಮಾಮಾ!"

ಚಂದವ್ವ ಉಣಲಿಲ್ಲ, ಕುಂಡ್ರಲಿಲ್ಲ. ಟಕ ಟಕ ಟಕ, ಗುರುವಾರ ಸಂಜಿಕ ರಟ್ಟೆಲ್ಲಾ ತೂತಾತು. ಉಸ್ ಅಂದಳು. ಶುಕ್ರವಾರ ಮುಂಜಾನೆ ಮಗನ್ನ ಕಾವಲಿಗೆ ಕೂಡಿಸಿ ಸಾವಕಾರನ್ನ ಕರಿಯಾಕ ಹೋದಳು. ಸಾವಕಾರ ಬೀಗರ ಮನ್ಯಾಗ ಉಂಡು ಮಲಗಿದ್ದ. ಅವ ಎದ್ದು ಬರೂದ್ರಾಗ ಹೊತ್ತು ಮುಳುಗಾಕ ಬಂದಿತ್ತು.

ಸಾವಕಾರ ಒಂದು ರಟ್ಟು ಎತ್ತಿ ಬೆಳಕಿಗೆ ಹಿಡದ. ಬೆಳಕ ಬರವಲ್ದು! ಇನ್ನೊಂದು ಹಿಡದ. ಅದೂ ಹಂಗ, ನುಣ್ಣಗ.

"ತೂತು ಎಲ್ಲ್ಯಾವ ಚಂದವ್ವಾ?"

ಚಂದವ್ವ ರಟ್ಟು ಕಸಗೊಂಡು ತಿರುವಿ ತಿರುವಿ ನೋಡಿದಳು. ಗುರುಪಾದ ಕೈತುಂಬ ಅಂಟು ಮೆತ್ಕೊಂಡು, ಬೆವರು ಒರಸ್ಕೋತ ಮುಂದ ಬಂದ.

"ತೂತಿನ ಚೂರು ಎಷ್ಟ ಉದುರಿದ್ದುವವ್ವಾ ನೆಲಕ್ಕ! ಎಲ್ಲಾ ಆರಿಸಿ, ಇದ್ದ ಜಾಗಾದಾಗ ಕೂಡಿಸೀನಿ!"

ಸಾವಕಾರ ರಟ್ಟು ಒಗದು, ಇನ್ನ ಈ ಹೊಸ್ತಿಲಾ ತುಳಿಯೂದಿಲ್ಲ ಅಂತ ಹೊರಳಿದ. ಗುರುಪಾದ ಓಡಿ ಹೋಗಿ ಅಡ್ಡ ನಿಂತ.

"ನಿಂದರ್ರಿ ಸಾವಕಾರ್ರ! ಒಂದು ಚೂರು ಇನ್ನೂ ಸಿಕ್ಕಿಲ್ಲ. ಕಾಲ ಎತ್ರಿ, ಚಪ್ಪಲಿಗೆ ಅಂಟೈತೇನ ನೋಡ್ತೀನಿ!"